ಯಾರಿಗೂ ಬೇಡವಾದ ನೂರು ಹಡಗುಗಳು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಕೆಲಸದ ಒತ್ತಡ ಅಂತ ನೆಪ ಹೇಳೋದಿಲ್ಲ, ಸೋಮಾರಿತನವೇ ನಿಜ :) ಆದರೆ ಹೋದ ಶನಿವಾರ ನೋಡಿ ಬಂದ ಜಾಗದ ಬಗ್ಗೆ ಬರೆಯದೆ ಇರಲಾಗಲಿಲ್ಲ.

ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ಪೊಟೋಮ್ಯಾಕ್ ನದಿಯ ಮೇರಿಲ್ಯಾಂಡ್ ದಡದಲ್ಲಿ ಮ್ಯಾಲೋಸ್ ಬೇ ಅಂತ ಒಂದು ಪುಟ್ಟ ಕೊಲ್ಲಿ ಇದೆ. ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ಬರುತ್ತದೆ. ನೀರು ಇಳಿದಾಗ ದೋಣಿ ಹುಟ್ಟು ಹಾಕುತ್ತಾ ಹೋದರೆ ಎದುರಿಗೆ ಗಿಡಮರ ಬೆಳೆದ ಉದ್ದನೆಯ ನಡುಗಡ್ಡೆಗಳು. ಹತ್ತಿರ ಹೋದರೆ ಅವು ನಡುಗಡ್ಡೆಗಳಲ್ಲ, ಹಡಗುಗಳು! ಒಂದಲ್ಲ ಎರಡಲ್ಲ, ನೂರಕ್ಕೂ ಹೆಚ್ಚು.

ಇವು ಇಲ್ಲಿಗೆ ಬಂದದ್ದು ಹೇಗೆ ಅನ್ನೋದು ಪ್ರಾಜೆಕ್ಟ್ ಮ್ಯಾನೇಜರುಗಳೆಲ್ಲ ಓದಬೇಕಾದ ಕಥೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಜರ್ಮನಿಯ ಸಬ್‌ಮೆರೀನುಗಳು ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದವು. ಉಕ್ಕಿಗೆ ಬೇರೆ ಬೇಡಿಕೆ ಇತ್ತು, ಮರಕ್ಕೆ ಬರವಿರಲಿಲ್ಲ. ಸರಿ, 18 ತಿಂಗಳಲ್ಲಿ 1,000 ಮರದ ಉಗಿಹಡಗುಗಳು ಬೇಕು ಅಂತ ಸರ್ಕಾರ ಹೊರಟಿತು. ಇಂಥ ಡೆಡ್‌ಲೈನು ನಮಗೆ ಹೊಸದಲ್ಲ ಬಿಡಿ. ಫಲಿತಾಂಶವೂ ಹೊಸದಲ್ಲ. 1918ರ ನವೆಂಬರ್ 11ಕ್ಕೆ ಯುದ್ಧ ನಿಂತಾಗ ಈ ಹಡಗುಗಳಲ್ಲಿ ಒಂದೂ ಅಟ್ಲಾಂಟಿಕ್ ದಾಟಿರಲಿಲ್ಲ. ತಮಾಷೆ ಅಂದರೆ, ಯುದ್ಧ ಮುಗಿದ ಮೇಲೂ ಹಡಗು ಕಟ್ಟೋದು ಮುಂದುವರೆಯಿತು!

ಕಟ್ಟಿದ್ದಾಯಿತು, ಕೊಳ್ಳೋರು ಯಾರು? ಸೋರುತ್ತಿದ್ದವು, ಕಲ್ಲಿದ್ದಲು ತಿನ್ನುತ್ತಿದ್ದವು, ಸರಕು ಸಾಗಿಸಲು ಚಿಕ್ಕವೂ ಆದವು. 1922ರಲ್ಲಿ ವೆಸ್ಟರ್ನ್ ಮರೀನ್ ಅಂಡ್ ಸಾಲ್ವೇಜ್ ಅನ್ನೋ ಕಂಪನಿ 233 ಹಡಗುಗಳನ್ನು 7,50,000 ಡಾಲರಿಗೆ ಕೊಂಡಿತು. ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 3,200 ಡಾಲರ್! ಯಂತ್ರ, ಲೋಹ ಎಲ್ಲ ಬಿಚ್ಚಿಕೊಂಡು ಉಳಿದ ಮರವನ್ನು ನೀರಿನಲ್ಲೇ ಸುಡೋದು ಅವರ ಯೋಜನೆ. ನದಿಯ ಮೀನುಗಾರರು ವಿರೋಧಿಸಿದರು. 1925ರ ನವೆಂಬರ್ 7ರಂದು ಮ್ಯಾಲೋಸ್ ಬೇಯಲ್ಲಿ ಒಟ್ಟಿಗೇ 31 ಹಡಗುಗಳಿಗೆ ಬೆಂಕಿ ಇಟ್ಟರು. ಆಮೇಲೆ ಆರ್ಥಿಕ ಕುಸಿತ ಬಂತು, ಗುಜರಿ ಬೆಲೆ ಬಿತ್ತು, ಕಂಪನಿ ಬಾಗಿಲು ಹಾಕಿತು. ಹಡಗುಗಳು ಅಲ್ಲೇ ಉಳಿದವು.

ಮುಂದೆ ಹೊಟ್ಟೆಪಾಡಿಗೆ ಊರಿನವರೇ ಕಬ್ಬಿಣ ಕಿತ್ತು ಮಾರಿದರು. ಎರಡನೇ ಮಹಾಯುದ್ಧದಲ್ಲಿ ಬೆತ್ಲಹೆಮ್ ಸ್ಟೀಲ್ ಕಂಪನಿ ಬಂದು ಒಂದಷ್ಟು ಲೋಹ ತೆಗೆದು ಅರ್ಧಕ್ಕೇ ಕೈಬಿಟ್ಟಿತು. 1960ರ ದಶಕದಲ್ಲಿ ಎಲ್ಲವನ್ನೂ ತೆರವು ಮಾಡಬೇಕು ಅನ್ನೋ ಒತ್ತಾಯ ಎದ್ದಿತು. ಆ ಹೊತ್ತಿಗೆ ಹಡಗಿನೊಳಗೆ ಹೂಳು ತುಂಬಿ, ಗಿಡ ಬೆಳೆದು, ಮೀನು ಮರಿ ಹಾಕಿ, ಹಕ್ಕಿ ಗೂಡು ಕಟ್ಟಿಯಾಗಿತ್ತು. ಕೀಳುವುದಕ್ಕಿಂತ ಬಿಡುವುದೇ ಮೇಲು ಅನ್ನಿಸಿತು. 2019ರಲ್ಲಿ ಇದು ರಾಷ್ಟ್ರೀಯ ಜಲಧಾಮವೂ ಆಯಿತು.

ಎಂಥ ಸುಖಾಂತ್ಯ ಅಂತ ನಾನು ಬೀಗುತ್ತಿದ್ದರೆ, ಜೊತೆಗಿದ್ದ ಉಳ್ಳಾಲದ ಗೆಳೆಯ ಸುಮ್ಮನಿದ್ದ. ಆಮೇಲೆ ಕೇಳಿದ: "ನಮ್ಮಲ್ಲಿ ಒಂದು ಹಡಗು ಮುಳುಗಿದ್ದಕ್ಕೇ ಮೀನಿನವರಿಗೆಲ್ಲ ಎಣ್ಣೆಯ ಹೆದರಿಕೆ. ಇಲ್ಲಿ ನೂರು ಹಡಗಿಗೆ ಟೂರಾ ಮಾರಾಯಾ?"

ಅವನು ಹೇಳಿದ್ದು 2022ರ ಜೂನ್‌ನ ಮಾತು. ಉಕ್ಕಿನ ಸುರುಳಿ ಹೊತ್ತಿದ್ದ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಬಳಿ ನೀರು ನುಗ್ಗಿ ಮುಳುಗಿತು. ಸಿರಿಯಾದ 15 ನಾವಿಕರನ್ನೂ ಕೋಸ್ಟ್ ಗಾರ್ಡ್ ಉಳಿಸಿತು. ಜನ ಬಂದರು, ಹಡಗು ಬರಲಿಲ್ಲ.

ಅವನ ಮಾತಿನಲ್ಲಿ ಸತ್ಯವಿದೆ. ಮ್ಯಾಲೋಸ್ ಬೇ ಬದುಕಿದ್ದು ಯಾರ ಜಾಣತನದಿಂದಲೂ ಅಲ್ಲ. ಹಡಗು ಮರದ್ದಾಗಿತ್ತು, ಯಂತ್ರ ಬಿಚ್ಚಿಯಾಗಿತ್ತು, ದಶಕಗಳ ಕಾಲ ಸಿಕ್ಕಿತ್ತು. ಇವತ್ತಿನ ಹಡಗಿನಲ್ಲಿ ಇರೋದು ಇಂಧನ, ಬಣ್ಣದ ವಿಷ. ಸಣ್ಣ ದೋಣಿಗಳೋ ಫೈಬರಿನವು, ಅವು ಮರದ ಹಾಗೆ ಕೊಳೆಯೋದಿಲ್ಲ.

2007ರಲ್ಲಿ ನೈರೋಬಿಯಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು, 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಮುಳುಗಿದ ಹಡಗು ಅಪಾಯ ತರುವಂತಿದ್ದರೆ ತೆಗೆಸೋ ಖರ್ಚು ಮಾಲೀಕನದು. 300 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಇದಕ್ಕಾಗಿ ವಿಮೆ ಕಡ್ಡಾಯ. ಒಳ್ಳೆಯದೇ. ಆದರೆ ಅಳಿವೆಯ ಕೆಸರಿನಲ್ಲಿ ಬಿಟ್ಟು ಹೋದ ಸಣ್ಣ ದೋಣಿಗೆ ಆ ವಿಮೆಯ ಕಡ್ಡಾಯವಿಲ್ಲ.

ನಾವು ಕೋಡ್ ಬರೆಯೋವಾಗಲೂ ಅಷ್ಟೇ, ಶುರು ಮಾಡೋ ದಿನದ ಕೇಕಿಗೆ ದುಡ್ಡಿರುತ್ತೆ, ಮುಚ್ಚೋ ದಿನಕ್ಕೆ ಬಜೆಟ್ ಇರೋದಿಲ್ಲ. ಹಡಗು ನೀರಿಗಿಳಿಸೋ ದಿನವೇ ಅದನ್ನು ಮೇಲೆತ್ತೋ ಖರ್ಚನ್ನೂ ಎತ್ತಿಡಬೇಕು ಅಂತ ನನಗನ್ನಿಸುತ್ತೆ. ಇಲ್ಲದಿದ್ದರೆ ಆ ಬಿಲ್ಲು ಹೋಗೋದು ಮೀನುಗಾರನ ಬಲೆಗೆ.

ಕರಾವಳಿಯ ಗೆಳೆಯರೇ, ನಿಮ್ಮೂರಿನ ಅಳಿವೆಯಲ್ಲೂ ಇಂಥ ಹಳೇ ದೋಣಿ ಬಿದ್ದಿದೆಯಾ? ಅದರ ಕಥೆ ಬರೀರಿ, ಓದೋಕೆ ಕಾಯ್ತಿರ್ತೀನಿ.