ಅನ್ನದ ಋಣ

ಎರಡು ಹೊಳೆಗಳ ನಡುವಿನ ನೆಲ. ಆದರೂ ನೀರಿಗೆ ಬಡ ನೆಲ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಶಾಸನಗಳು ಎಡೆದೊರೆ ನಾಡೆಂದು ಕರೆದ ಈ ಸೀಮೆಯೊಳಗೆ ತಾವರಗೇರಾ ಕುಳಿತಿದೆ. ಎರೆಯೂ ಉಂಟು, ಮಸಾರಿಯೂ ಉಂಟು. ಎರಡಕ್ಕೂ ಬೇಕಾದ ಮಳೆ ಮಾತ್ರ ಮುಗಿಲನ್ನು ಕೇಳಿ ಬರಬೇಕು. ಬಹಮನಿಗಳೂ ವಿಜಯನಗರದ ಅರಸರೂ ಈ ಮಣ್ಣಿಗಾಗಿ ತಲೆಮಾರುಗಟ್ಟಲೆ ಕಾದಿದರು. ಅವರ ದಂಡು ತಿಂದು ಉಳಿಸಿದ್ದನ್ನು ಬರ ತಿಂದಿತು. 1396ರಿಂದ ಹನ್ನೆರಡು ವರ್ಷ ದಖ್ಖನ್ನನ್ನು ಕಾಡಿತೆಂದು ಹೇಳುವ ದುರ್ಗಾದೇವಿ ಬರದ ನೆನಪು, ಅರಸರ ಹೆಸರು ಮರೆತ ಮೇಲೂ ಉಳಿಯಿತು.

ತಾವರಗೇರಾದಿಂದ ಬಡಗಣಕ್ಕೆ ಬಂಡಿ ಹೂಡಿದರೆ ದಿನದ ಹಾದಿಯಲ್ಲಿ ಮುದಗಲ್ಲು. ಮೊಹರಮ್ಮಿಗೆ ಹೆಸರಾದ ಆ ಕೋಟೆಯೂರಿನಲ್ಲಿ ಹಳೆಯದೊಂದು ಕ್ರೈಸ್ತ ಕೇರಿ ಇದೆ. ಹದಿನಾರನೆಯ ಶತಮಾನದ ನಡುವೆ ಗೋವೆಯಿಂದ ಬಂದ ಜೆಸ್ಯುಯಿಟ್ ಪಾದ್ರಿಗಳು ಅಲ್ಲಿ ನೆಲೆಯೂರಿದರು, ಬಿಜಾಪುರದ ಆದಿಲಶಾಹ ಅವರಿಗೆ ಇನಾಮು ಕೊಟ್ಟ ಎಂಬುದು ಅಲ್ಲಿಯವರ ಪರಂಪರೆಯ ಮಾತು. ಮುಸಲ್ಮಾನ ಸುಲ್ತಾನನ ದಾನ, ಪಡುವಣದ ಪಾದ್ರಿಯ ಪೂಜೆ, ಕನ್ನಡದ ಭಕ್ತರು! ಎಡೆದೊರೆಯವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ದಾಸೋಹವೆಂಬ ಮಾತು ಬಲ್ಲ ನಾಡು ಇದು. ಹಸಿದವನಿಗೆ ಇಕ್ಕಿದ ಮೇಲೆ ಮತ ಕೇಳುವ ರೂಢಿ ಇಲ್ಲಿ ಇರಲಿಲ್ಲ.

ಈ ಕಥನದ ಇನ್ನೊಂದು ಬೇರು ಬಹು ದೂರದಲ್ಲಿದೆ. 1815ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮೇಲೆ ಪಕ್ಕದ ಹ್ಯೂನಿಂಗನ್ ಕೋಟೆಯ ಫ್ರೆಂಚ್ ಫಿರಂಗಿಗಳು ಗುಂಡು ಸುರಿದವು. ಪಟ್ಟಣ ಉಳಿಯಿತು. ದೇವರೇ ಉಳಿಸಿದನೆಂದು ನಂಬಿದ ಭಕ್ತ ನಾಗರಿಕರು, ಹರಕೆ ತೀರಿಸುವವರಂತೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಿಷನ್ ಸಂಸ್ಥೆಯೊಂದನ್ನು ಕಟ್ಟಿದರು. ಮರುವರ್ಷವೇ ಆ ಸೀಮೆಗೂ ನೆರೆಯ ವ್ಯೂರ್ಟೆಂಬರ್ಗಿಗೂ ಹಸಿವು ಬಂತು. ಪೂರ್ವ ಸಮುದ್ರದ ತಾಂಬೋರಾ ಜ್ವಾಲಾಮುಖಿಯ ಬೂದಿ ಸೂರ್ಯನನ್ನು ಮಂಕಾಗಿಸಿ, 1816ರಲ್ಲಿ ಬೇಸಿಗೆಯೇ ಇಲ್ಲದೆ ಪೈರು ಕೊಳೆಯಿತು. ಕನ್ನಡ ನಾಡಿಗೆ ಮುಂದೆ ಬಂದ ಎಷ್ಟೋ ಪಾದ್ರಿಗಳು ಆ ವ್ಯೂರ್ಟೆಂಬರ್ಗಿನ ಹಳ್ಳಿಗಳ ಮಕ್ಕಳು. ಬರವೆಂದರೇನೆಂದು ಅವರ ಮನೆಯ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಿಷನ್ನಿನ ಬೊಕ್ಕಸ ತುಂಬಿದ್ದು ಸಿರಿವಂತರಿಂದಷ್ಟೇ ಅಲ್ಲ. 1855ರಲ್ಲಿ ಕಾರ್ಲ್ ಸಾರಾಸಿನ್ ಎಂಬ ಬಾಸೆಲಿನ ಗೃಹಸ್ಥ ಅರ್ಧ ಬಾಟ್ಸನ್ ವಂತಿಗೆಯನ್ನು ಆರಂಭಿಸಿದ. ಬಾಟ್ಸನ್ ಎಂದರೆ ಅಲ್ಲಿಯ ಚಿಲ್ಲರೆ ನಾಣ್ಯ. ಅದರ ಅರ್ಧ ಭಾಗವನ್ನು ವಾರಕ್ಕೊಮ್ಮೆ ಬಡವರ ಮನೆಗಳಿಂದಲೂ ಎತ್ತುವುದು. ರೊಟ್ಟಿ ಬಡಿಯುವ ಮುನ್ನ ಹಿಡಿ ಹಿಟ್ಟು ತೆಗೆದಿಡುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

1834ರಲ್ಲಿ ಮಿಷನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ಮಿಷನ್ನಿನ ಠಾಣೆಗಳು ಎಡೆದೊರೆಯ ಅಂಚಿಗೆ ಬಂದು ನಿಂತವು. ಕೊಡೇಕಲ್ಲು ಬಸವಣ್ಣನ ಕಾಲಜ್ಞಾನದ ಭವಿಷ್ಯನುಡಿ ಮನೆಮಾತಾಗಿದ್ದ ಪ್ರದೇಶವಿದು. ಕಾಲಜ್ಞಾನವನ್ನು ನಂಬಿದ ಪಂಗಡವೊಂದು ಈ ಪಡುವಣದ ಗುರುಗಳನ್ನು ಹುಡುಕಿಕೊಂಡು ಹೋದಾಗ ಪಾದ್ರಿಗಳು ಹಿಗ್ಗಿದರು. ಸಾವಿರ ಸಾವಿರ ಜನ ಬಂದಾರೆಂದು ಕನಸು ಕಂಡರು. 1841ರಲ್ಲಿ ಗದುಗಿನ ಬಳಿಯ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆಯನ್ನೂ ಹೂಡಿದರು. ಬಂದವರು ಕೆಲವರೇ. ಹೊಲ ಕೊಟ್ಟರೆ ನಂಬಿಕೆ ಬೆಳೆಯುವುದಿಲ್ಲವೆಂಬ ಪಾಠವನ್ನು ಮಿಷನ್ನು ಅಲ್ಲಿ ದುಬಾರಿ ಬೆಲೆ ತೆತ್ತು ಕಲಿಯಿತು.

ಆಮೇಲೆ ಬಂತು ಧಾತು ಸಂವತ್ಸರ.

1876ರ ಮುಂಗಾರು ಕೈಕೊಟ್ಟಿತು; ಹಿಂಗಾರೂ ಮುಖ ತೋರಲಿಲ್ಲ. ಹಗೇವುಗಳು ಬರಿದಾದವು. ಮೊದಲು ದನ ಬಿದ್ದವು, ಆಮೇಲೆ ಮಂದಿ. ಗುಳೆ ಹೊರಟವರಲ್ಲಿ ಮುದುಕರು ಹಾದಿಯಲ್ಲೇ ಉಳಿದರು. ತಾವರಗೇರಾ ಆಗ ನಿಜಾಮನ ಸೀಮೆ. ಹೈದರಾಬಾದಿನಲ್ಲಿ ದಿವಾನ ಸಾಲಾರ್ ಜಂಗ್. ತುಂಗಭದ್ರೆಯಾಚೆ ಬಳ್ಳಾರಿ ಮದರಾಸಿಗೆ ಸೇರಿದ್ದು, ಪಡುವಣದ ಕಲಾದಗಿ ಮುಂಬಯಿಗೆ. ಮೂರು ಸರ್ಕಾರಗಳ ಗಡಿ ಇಲ್ಲಿ ಹತ್ತಿರ ಹತ್ತಿರ ಬರುತ್ತಿತ್ತು. ಹಸಿವಿಗೆ ಗಡಿ ಇರಲಿಲ್ಲ. 1877ರ ಜನವರಿ 1ರಂದು ವೈಸ್‌ರಾಯ್ ಲಾರ್ಡ್ ಲಿಟನ್ ದಿಲ್ಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದ. ಅದೇ ತಿಂಗಳು, ಬರದ ಸೀಮೆಗೆ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಚೂರು ಕಾಸು ಎಂಬಲ್ಲಿಗೆ ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವ ದೇಹ ಅಷ್ಟರಲ್ಲಿ ಬದುಕದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದ ಹೂಡಿದ. 1872ರ ಗಣತಿಯಲ್ಲಿ ಕಲಾದಗಿ ಜಿಲ್ಲೆಯಲ್ಲಿದ್ದ ಜನದಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು 1881ರ ಗಣತಿಗೆ ಸಿಗಲಿಲ್ಲ. ವಾದದಲ್ಲಿ ಯಾರು ಸರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

1877ರ ಆಗಸ್ಟಿನಲ್ಲಿ ಲಂಡನ್ನಿನ ಮೇಯರು ಮ್ಯಾನ್ಷನ್ ಹೌಸಿನಲ್ಲಿ ಪರಿಹಾರ ನಿಧಿ ತೆರೆದ. ಹಣ ಹಂಚುವ ಊರೂರ ಸಮಿತಿಗಳಲ್ಲಿ ಅಧಿಕಾರಿ, ವರ್ತಕ, ಪಾದ್ರಿ ಜೊತೆಗೆ ಕುಳಿತರು. ಗಂಜಿ ಕಾಯಿಸಿದ್ದಷ್ಟೇ ಅಲ್ಲ, ಬಿತ್ತನೆ ಬೀಜಕ್ಕೆ, ಎತ್ತಿಗೆ, ಕಿತ್ತು ಮಾರಿದ ಮನೆ ಮಾಡಿಗೆ ಅದರಿಂದ ಕಾಸು ಹೋಯಿತು. ನನ್ನ ಮಟ್ಟಿಗೆ ಗಂಜಿಗಿಂತ ದೊಡ್ಡದು ಆ ಬೀಜದ ಕಾಸು. ಗಂಜಿ ಜೀವ ಉಳಿಸಿತು. ಬೀಜ ಒಕ್ಕಲಿಗನನ್ನು ಒಕ್ಕಲಿಗನಾಗಿ ಉಳಿಸಿತು.

‘ಗಂಜಿ ಕ್ರೈಸ್ತರು’ ಎಂಬ ಕಟಕಿ ಹೆಚ್ಚು ಕೇಳಿಸಿದ್ದು ಆಗಲೇ. ಅದರಲ್ಲಿ ಸುಳ್ಳು ಮಾತ್ರ ಇತ್ತೆನ್ನಲಾರೆ. ಹಸಿದವನ ನಂಬಿಕೆಯನ್ನು ಹಸಿವಿನಿಂದ ಬೇರ್ಪಡಿಸಿ ತೂಗುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ. ಪಾದ್ರಿಗಳನ್ನೂ ಆ ಅನುಮಾನ ಕಾಡಿತು. ತೆಲುಗು ಸೀಮೆಯ ಒಂಗೋಲಿನಲ್ಲಿ ಜಾನ್ ಕ್ಲೌ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಬಕಿಂಗ್‌ಹ್ಯಾಮ್ ಕಾಲುವೆಯ ಮೂರು ಮೈಲಿಗೂ ಹೆಚ್ಚು ಉದ್ದದ ಅಗೆತವನ್ನು ಗುತ್ತಿಗೆ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಟ್ಟ. ದೀಕ್ಷಾಸ್ನಾನ ಕೊಡಿರೆಂದು ಅವರು ಮುತ್ತಿದಾಗ, ಬರ ತೀರುವ ತನಕ ಒಬ್ಬರಿಗೂ ಕೊಡೆನೆಂದು ಹದಿನೈದು ತಿಂಗಳು ಹಟ ಹಿಡಿದ. ಕೂಲಿ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರ ಒಂದೇ ದಿನ 2,222 ಮಂದಿ. ಒಳಗಿನದು ಕೃತಜ್ಞತೆಯೋ ವಿಶ್ವಾಸವೋ, ಅವರಿಗಾದರೂ ಬೇರೆ ಮಾಡಿ ತಿಳಿದಿತ್ತೇ?

ಕನ್ನಡ ಸೀಮೆಯಲ್ಲಿ ಆ ಬಗೆಯ ಪ್ರವಾಹ ಬರಲಿಲ್ಲ. ಇಲ್ಲಿ ಮಿಷನ್ನಿನ ಕೈಗೆ ಬಂದದ್ದು ಬರ ಉಳಿಸಿಹೋದ ಅನಾಥ ಮಕ್ಕಳು. ಅವರಿಗೆ ಕೂಳು, ಅಕ್ಷರ, ಪ್ರಾರ್ಥನೆ ದೊರೆತವು. ಆಮೇಲಿನ ತೊಡಕು ದೊಡ್ಡದು. ಜಾತಿಯಿಂದ ಹೊರಬಿದ್ದವನಿಗೆ ಊರಲ್ಲಿ ಕಸುಬಿಲ್ಲ, ಹೊಲವಿಲ್ಲ, ಬಾವಿಯ ನೀರೂ ಸುಲಭವಲ್ಲ. ಮಿಷನ್ನು ಮಂಗಳೂರಿನಲ್ಲಿ ಮಗ್ಗ ಹೂಡಿದ್ದಕ್ಕೂ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದಕ್ಕೂ ಮೂಲ ಕಾರಣ ಇದೇ. ದಾನದ ಅನ್ನ ಒಂದು ಹೊತ್ತಿನದು. ಎರಡನೆಯ ಹೊತ್ತಿಗೆ ದುಡಿಮೆ ಬೇಕು. ಬಸವಣ್ಣನ ನಾಡಿಗೆ ಇದು ಹೊಸ ಉಪದೇಶವಲ್ಲ. ಕಾಯಕವಿಲ್ಲದ ದಾಸೋಹವನ್ನು ಶರಣರೂ ಒಪ್ಪಿರಲಿಲ್ಲ.

ಬರದ ಭಯದಿಂದಲೇ ರೈಲು ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ಕಂಪನಿ ಗದುಗಿನಿಂದ ಬಳ್ಳಾರಿಯತ್ತ ಹಳಿ ಹಾಸಿ, ಕೊಪ್ಪಳವನ್ನು ಆ ಹಾದಿಗೆ ಕೂಡಿಸಿತು. ಹಿಂದೆ ಗುಳೆ ಹೋದ ದಿಕ್ಕಿಗೇ ಈಗ ರೋಗಿಗಳು ಹೋಗತೊಡಗಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಿಷನ್ನು ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿತು. ಜನ ಅದನ್ನು ಜರ್ಮನ್ ದವಾಖಾನಿ ಎಂದರು. ಬಾಸೆಲ್ ಸ್ವಿಟ್ಜರ್ಲೆಂಡಿನದೆಂಬ ಸೂಕ್ಷ್ಮ ಯಾರಿಗೂ ಬೇಕಾಗಿರಲಿಲ್ಲ. 1914ರ ಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಶತ್ರುಗಳೆಂದು ಎಣಿಸಿ ಅಹಮದನಗರದ ಶಿಬಿರದಲ್ಲಿಟ್ಟರು, ಆಮೇಲೆ ತಾಯ್ನಾಡಿಗೆ ಅಟ್ಟಿದರು. ಮಿಷನ್ನಿನ ಕಾರ್ಖಾನೆ, ವ್ಯಾಪಾರಗಳೂ ಪರಹಸ್ತವಾದವು. ‘ಜರ್ಮನ್’ ಎಂಬ ಮಾತು ಸರ್ಕಾರಿ ಕಡತದಲ್ಲಿ ಬೈಗುಳವಾಗಿದ್ದ ಆ ಕಾಲದಲ್ಲೂ ಗದುಗಿನ ಜನ ದವಾಖಾನಿಯ ಹೆಸರು ಬದಲಿಸಲಿಲ್ಲ. ಇಂದಿಗೂ ಬದಲಿಸಿಲ್ಲ.

ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಸ್ತೋತ್ರಕಾಣಿಕೆಯ ಆರಾಧನೆ ನಡೆಯುತ್ತದೆ. ಜೋಳದ ತೆನೆ, ಕುಂಬಳಕಾಯಿ, ಕೋಳಿ, ತತ್ತಿ ವೇದಿಕೆಯ ಮುಂದೆ ಬಂದು ಕೂಡುತ್ತವೆ. ಆರಾಧನೆ ಮುಗಿಯುತ್ತಲೇ ಹೊರಗೆ ಸವಾಲು. ಹತ್ತು ರೂಪಾಯಿಯ ಕುಂಬಳಕಾಯಿಯನ್ನು ನೂರಕ್ಕೆ ಕೂಗಿ ಹಿಡಿದವನು ಅದನ್ನು ಮನೆಗೊಯ್ಯದೆ ತಿರುಗಿ ವೇದಿಕೆಗೆ ಕೊಡುತ್ತಾನೆ. ಅದೇ ಕಾಯಿ ಮತ್ತೊಮ್ಮೆ ಸವಾಲಿಗೆ ಏರುತ್ತದೆ.