ಸಾಗರ ಪ್ಲಾಸ್ಟಿಕ್ ಮಾಲಿನ್ಯ ಮತ್ತು ಮಾನವ ಹಕ್ಕುಗಳು

ಸಮುದ್ರ ಸೇರುವ ಪ್ಲಾಸ್ಟಿಕ್ ತ್ಯಾಜ್ಯವನ್ನು ಕಡಲತೀರದ ನೈರ್ಮಲ್ಯದ ಅಥವಾ ಜಲಚರಗಳ ಉಳಿವಿನ ಪ್ರಶ್ನೆಯೆಂದಷ್ಟೇ ನೋಡದೆ, ಜನರ ಆರೋಗ್ಯ, ದುಡಿಮೆ ಮತ್ತು ಘನತೆಯ ಬದುಕಿನ ಹಕ್ಕುಗಳ ಉಲ್ಲಂಘನೆಯೆಂದು ಗುರುತಿಸಿ ಅದರ ವಿರುದ್ಧ ದನಿ ಎತ್ತಿದ ಪ್ರಯತ್ನಗಳ ಚರಿತ್ರೆ. ಮಾಲಿನ್ಯದ ಅರಿವು ವಿಜ್ಞಾನಿಗಳಿಗೆ 1970ರ ದಶಕದ ಆರಂಭದಲ್ಲಿಯೇ ಮೂಡಿದ್ದರೂ ಅದನ್ನು ಹಕ್ಕುಗಳ ನೆಲೆಯಲ್ಲಿ ಚರ್ಚಿಸುವ ಪರಿಪಾಠ ಗಟ್ಟಿಯಾದದ್ದು ತೀರ ಈಚೆಗೆ.

1972ರಲ್ಲಿ ಎಡ್ವರ್ಡ್ ಕಾರ್ಪೆಂಟರ್ ಮತ್ತು ಕೆ. ಎಲ್. ಸ್ಮಿತ್ ಎಂಬ ಅಮೆರಿಕದ ಸಂಶೋಧಕರು ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದ ಮೇಲ್ಮೈಯಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 3,500 ಪ್ಲಾಸ್ಟಿಕ್ ತುಣುಕುಗಳು ತೇಲುತ್ತಿರುವುದನ್ನು ವರದಿ ಮಾಡಿ, ಉತ್ಪಾದನೆ ಹೆಚ್ಚಿದಂತೆ ಇವೂ ಹೆಚ್ಚುತ್ತವೆಂದು ಎಚ್ಚರಿಸಿದರು. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ ಸೇರಿದ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ, ಘನತೆಯಿಂದ ಬಾಳಲು ತಕ್ಕ ಪರಿಸರ ಮನುಷ್ಯನ ಮೂಲಭೂತ ಹಕ್ಕಿಗೆ ಸೇರಿದ್ದೆಂದು ತನ್ನ ಮೊದಲ ತತ್ತ್ವದಲ್ಲಿ ಸಾರಿತು. ಒಂದೇ ವರ್ಷದಲ್ಲಿ ಮೂಡಿದ ಈ ಎರಡು ಮಾತುಗಳು ಒಂದನ್ನೊಂದು ಸಂಧಿಸಲು ಸುಮಾರು ಅರ್ಧ ಶತಮಾನ ಹಿಡಿಯಿತು. ನಡುವಿನ ಅವಧಿಯಲ್ಲಿ ರೂಪುಗೊಂಡ ಕಾನೂನುಗಳ ಗಮನ ಮೊದಮೊದಲು ಹೆಚ್ಚಾಗಿ ಹಡಗುಗಳ ಮೇಲಿತ್ತು. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧ 1988ರ ಕೊನೆಯಲ್ಲಿ ಜಾರಿಗೆ ಬಂದು, ಹಡಗಿನಿಂದ ಪ್ಲಾಸ್ಟಿಕ್ಕನ್ನು ಕಡಲಿಗೆಸೆಯುವುದನ್ನು ಪೂರ್ಣವಾಗಿ ನಿಷೇಧಿಸಿತು. ಆದರೆ ಬಹುಪಾಲು ತ್ಯಾಜ್ಯ ನೆಲದಿಂದ, ನದಿ ಮತ್ತು ಚರಂಡಿಗಳ ಮೂಲಕ ಬರುತ್ತಿದ್ದುದರಿಂದ ಇದರ ಪರಿಣಾಮ ಸೀಮಿತವಾಗಿಯೇ ಉಳಿಯಿತು.

1997ರಲ್ಲಿ ಚಾರ್ಲ್ಸ್ ಮೂರ್ ಎಂಬ ನಾವಿಕ ಉತ್ತರ ಪೆಸಿಫಿಕ್‌ನಲ್ಲಿ, ಸಾಗರ ಪ್ರವಾಹಗಳು ಸುತ್ತುವರಿದು ತೇಲುವ ವಸ್ತುಗಳನ್ನೆಲ್ಲ ಒಟ್ಟುಗೂಡಿಸುವ ವಿಶಾಲ ಪ್ರದೇಶದಲ್ಲಿ ಕಂಡ ಪ್ಲಾಸ್ಟಿಕ್ ರಾಶಿಯ ವರ್ಣನೆ ಜನಸಾಮಾನ್ಯರ ಗಮನ ಸೆಳೆಯಿತು. 2004ರಲ್ಲಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಬರಿಗಣ್ಣಿಗೆ ಸುಲಭವಾಗಿ ಕಾಣದ ಪ್ಲಾಸ್ಟಿಕ್ ಕಣಗಳನ್ನು ಮೈಕ್ರೋಪ್ಲಾಸ್ಟಿಕ್ ಎಂದು ಕರೆದು ಅವು ಕಡಲತಳದ ಕೆಸರಿನಲ್ಲಿಯೂ ಇರುವುದನ್ನು ತೋರಿಸಿದರು. ಜೆನ್ನಾ ಜ್ಯಾಂಬೆಕ್ ನೇತೃತ್ವದ ತಂಡ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ನೆಲದಿಂದ ಸಾಗರಕ್ಕೆ ಸೇರಿತ್ತು. ಈ ಲೆಕ್ಕಾಚಾರದಲ್ಲಿ ಏಷ್ಯಾದ ದೇಶಗಳ ಹೆಸರು ಮುಂಚೂಣಿಗೆ ಬಂದದ್ದರಿಂದ ಹೊಣೆಯೆಲ್ಲ ಅವುಗಳದೇ ಎಂಬ ಭಾವನೆ ಹರಡಿತಾದರೂ, ಸಿರಿವಂತ ದೇಶಗಳು ತಮ್ಮ ಕಸವನ್ನು ಮರುಬಳಕೆಯ ಹೆಸರಿನಲ್ಲಿ ಅವೇ ದೇಶಗಳಿಗೆ ಸಾಗಿಸುತ್ತಿದ್ದುದನ್ನು ಬದಿಗಿಟ್ಟು ಹೊಣೆಯನ್ನು ನಿರ್ಣಯಿಸುವುದು ನ್ಯಾಯವಲ್ಲ. 2018ರಲ್ಲಿ ಚೀನಾ ಇಂಥ ಆಮದಿಗೆ ಬಾಗಿಲು ಮುಚ್ಚಿದಾಗ ಕಸದ ಹಡಗುಗಳು ಮಲೇಷ್ಯಾ ಮೊದಲಾದ ದೇಶಗಳತ್ತ ತಿರುಗಿದವು. ಅಪಾಯಕಾರಿ ತ್ಯಾಜ್ಯದ ಗಡಿದಾಟನ್ನು ನಿಯಂತ್ರಿಸುವ ಬೇಸಲ್ ಒಪ್ಪಂದಕ್ಕೆ 2019ರಲ್ಲಿ ತಿದ್ದುಪಡಿಯಾಗಿ, ಬೆರಕೆಯಾದ ಹಾಗೂ ಕೊಳಕಾದ ಪ್ಲಾಸ್ಟಿಕ್ಕನ್ನು ಕಳುಹಿಸುವ ಮುನ್ನ ಸ್ವೀಕರಿಸುವ ದೇಶದ ಒಪ್ಪಿಗೆ ಪಡೆಯುವುದು 2021ರಿಂದ ಕಡ್ಡಾಯವಾಯಿತು.

ಹಕ್ಕುಗಳ ನೆಲೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1991ರಷ್ಟು ಹಿಂದೆಯೇ, ಸುಭಾಷ್ ಕುಮಾರ್ ಪ್ರಕರಣದಲ್ಲಿ, ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿವೆ ಎಂದಿತ್ತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಇಂಥ ಮನ್ನಣೆ ಬಹಳ ತಡವಾಗಿ ಬಂತು: ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2021ರ ಅಕ್ಟೋಬರ್‌ನಲ್ಲಿ (ಭಾರತ ಆಗ ತಟಸ್ಥವಾಗಿತ್ತು), ಮಹಾಸಭೆ 2022ರ ಜುಲೈನಲ್ಲಿ 161 ಮತಗಳ ಬೆಂಬಲದೊಂದಿಗೆ, ಸ್ವಚ್ಛ ಮತ್ತು ಆರೋಗ್ಯಕರ ಪರಿಸರವನ್ನು ಮಾನವ ಹಕ್ಕೆಂದು ಅಂಗೀಕರಿಸಿದವು. ವಿಷಕಾರಿ ವಸ್ತುಗಳು ಮತ್ತು ಮಾನವ ಹಕ್ಕುಗಳ ಕುರಿತ ವಿಶೇಷ ವರದಿಗಾರ ಮಾರ್ಕೋಸ್ ಒರೆಯಾನಾ 2021ರಲ್ಲಿ ಮಹಾಸಭೆಗೆ ಸಲ್ಲಿಸಿದ ವರದಿ, ತೈಲವನ್ನು ನೆಲದಿಂದ ತೆಗೆಯುವಲ್ಲಿಂದ ಹಿಡಿದು ತ್ಯಾಜ್ಯದ ವಿಲೇವಾರಿಯವರೆಗೆ ಪ್ಲಾಸ್ಟಿಕ್ಕಿನ ಪ್ರತಿ ಹಂತವೂ ಹಕ್ಕುಗಳಿಗೆ ಧಕ್ಕೆ ತರುವ ಬಗೆಯನ್ನು ನಿರೂಪಿಸಿತು.

ಈ ತತ್ತ್ವಗಳು ನ್ಯಾಯಾಲಯದ ಕಟಕಟೆಗೆ ಬಂದ ಅತ್ಯಂತ ಮಹತ್ವದ ಪ್ರಕರಣ ಶ್ರೀಲಂಕಾದ್ದು. 2021ರ ಮೇ ತಿಂಗಳಲ್ಲಿ ಕೊಲಂಬೊ ಬಂದರಿನ ಹೊರಗೆ ಲಂಗರು ಹಾಕಿದ್ದ, ಸಿಂಗಪುರದಲ್ಲಿ ನೋಂದಣಿಯಾದ ಎಕ್ಸ್-ಪ್ರೆಸ್ ಪರ್ಲ್ ಎಂಬ ಕಂಟೇನರ್ ಹಡಗಿಗೆ ಬೆಂಕಿ ಹತ್ತಿತು. ಅದರ ಒಂದು ಕಂಟೇನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿದ್ದುದು ತಿಳಿದಿದ್ದರೂ, ಕತಾರ್‌ನ ಹಮದ್ ಮತ್ತು ಗುಜರಾತಿನ ಹಜೀರಾ ಬಂದರುಗಳಲ್ಲಿ ಅದನ್ನು ಇಳಿಸಿಕೊಂಡಿರಲಿಲ್ಲ. ದಿನಗಟ್ಟಲೆ ಉರಿದು ಜೂನ್‌ನಲ್ಲಿ ಮುಳುಗಿದ ಹಡಗಿನಿಂದ ಸುಮಾರು 1,680 ಟನ್ ನರ್ಡಲ್, ಅಂದರೆ ಕಾರ್ಖಾನೆಗಳಲ್ಲಿ ಕರಗಿಸಿ ಸಾಮಾನು ತಯಾರಿಸಲು ಬಳಸುವ ಬೇಳೆಗಾತ್ರದ ಪ್ಲಾಸ್ಟಿಕ್ ಹರಳುಗಳು, ನೀರುಪಾಲಾದವು. ಇವುಗಳನ್ನು ಅಂತರರಾಷ್ಟ್ರೀಯ ಸಾಗಣೆ ನಿಯಮಗಳು ಅಪಾಯಕಾರಿ ಸರಕೆಂದು ವರ್ಗೀಕರಿಸಿರಲಿಲ್ಲ. ಪಶ್ಚಿಮ ತೀರದ ಮರಳು ಹರಳುಗಳಿಂದ ಬೆಳ್ಳಗಾಯಿತು, ಸತ್ತ ಆಮೆಗಳೂ ಡಾಲ್ಫಿನ್‌ಗಳೂ ದಡಕ್ಕೆ ಬಂದವು. ನೆಗೊಂಬೊ ಭಾಗದಲ್ಲಿ ಮೀನುಗಾರಿಕೆಯನ್ನು ನಿಷೇಧಿಸಿದ್ದರಿಂದ, ಈ ಅಪಘಾತದಲ್ಲಿ ಯಾವ ಪಾತ್ರವೂ ಇಲ್ಲದ ಬೆಸ್ತರ ಕುಟುಂಬಗಳು ದುಡಿಮೆ ಕಳೆದುಕೊಂಡವು. ಪರಿಸರ ಸಂಘಟನೆಗಳು, ಮೀನುಗಾರರು ಮತ್ತು ಕೊಲಂಬೊದ ಕಾರ್ಡಿನಲ್ ಮಾಲ್ಕಂ ರಂಜಿತ್ ಇದನ್ನು ಕೇವಲ ನಷ್ಟಪರಿಹಾರದ ದಾವೆಯಾಗಿಸದೆ ಮೂಲಭೂತ ಹಕ್ಕುಗಳ ಅರ್ಜಿಗಳಾಗಿ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. 2025ರ ಜುಲೈನಲ್ಲಿ ಬಂದ ತೀರ್ಪು, ಆಡಳಿತದ ಲೋಪದಿಂದಲೂ ನಾಗರಿಕರ ಹಕ್ಕುಗಳ ಉಲ್ಲಂಘನೆಯಾಗಿದೆಯೆಂದು ಹೇಳಿ, ಹಡಗಿನ ಕಡೆಯವರು 100 ಕೋಟಿ ಡಾಲರ್ ಪಾವತಿಸಬೇಕೆಂದು ಆದೇಶಿಸಿತು. ಲಂಡನ್ನಿನ ನ್ಯಾಯಾಲಯವೊಂದು ಹಡಗು ಮಾಲೀಕರ ಹೊಣೆಗೆ ಮಿತಿ ಹಾಕುವ ಒಪ್ಪಂದದಡಿ ಇದೇ ಪ್ರಕರಣದ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ 2023ರಲ್ಲಿ ಸೀಮಿತಗೊಳಿಸಿತ್ತು. ತೀರದ ಜನರ ಹಕ್ಕನ್ನು ಅಳೆಯುವ ಕಾನೂನಿಗೂ ವ್ಯಾಪಾರದ ಅಪಾಯವನ್ನು ಅಳೆಯುವ ಕಾನೂನಿಗೂ ಇರುವ ಕಂದರ ಇಷ್ಟು ನಿಚ್ಚಳವಾಗಿ ಕಂಡ ಪ್ರಕರಣ ವಿರಳ. 2025ರ ಮೇ ತಿಂಗಳಲ್ಲಿ ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗಲೂ ತಿರುವನಂತಪುರದ ತೀರಕ್ಕೆ ಇಂಥವೇ ಹರಳುಗಳು ಬಂದು ಬಿದ್ದವು. ಕೇರಳ ಸರ್ಕಾರ ಅಲ್ಲಿನ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೋರಿ ದಾವೆ ಹೂಡಿತು.

2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆ, ಸಾಗರವನ್ನೂ ಒಳಗೊಂಡು ಪ್ಲಾಸ್ಟಿಕ್ ಮಾಲಿನ್ಯವನ್ನು ಕೊನೆಗಾಣಿಸುವ, ಕಾನೂನಾತ್ಮಕವಾಗಿ ಬದ್ಧಗೊಳಿಸುವ ಜಾಗತಿಕ ಒಪ್ಪಂದವೊಂದನ್ನು ರೂಪಿಸಲು ನಿರ್ಣಯಿಸಿತು. ಕಸ ಆಯ್ದು ವಿಂಗಡಿಸುವ ಅಸಂಘಟಿತ ಕಾರ್ಮಿಕರ ಕೊಡುಗೆಯನ್ನು ಆ ನಿರ್ಣಯ ಹೆಸರಿಸಿ ಮನ್ನಿಸಿದ್ದು ಗಮನಾರ್ಹ, ಏಕೆಂದರೆ ನಗರದ ಪ್ಲಾಸ್ಟಿಕ್ಕನ್ನು ಮೋರಿ ಸೇರುವ ಮೊದಲೇ ತಡೆಯುವವರು ಅವರೇ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಮಹಾನಗರ ಪಾಲಿಕೆಯ ಗುರುತಿನ ಚೀಟಿ ದೊರಕುವಂತೆ ಮಾಡಿ, ಅವರನ್ನು ಒಣಕಸ ಸಂಗ್ರಹಣಾ ಕೇಂದ್ರಗಳ ನಿರ್ವಹಣೆಯಲ್ಲಿ ತೊಡಗಿಸಿದ ಹಸಿರು ದಳದಂಥ ಸಂಘಟನೆಗಳ ಕೆಲಸ ಈ ಮನ್ನಣೆಗೆ ಜೀವಂತ ಆಧಾರ. ಒಪ್ಪಂದದ ಮಾತುಕತೆಗಳಲ್ಲಿ ಉತ್ಪಾದನೆಗೇ ಮಿತಿ ಹಾಕಬೇಕೆಂಬ ದೇಶಗಳಿಗೂ, ತ್ಯಾಜ್ಯ ನಿರ್ವಹಣೆಯಷ್ಟೇ ಸಾಕೆನ್ನುವ ತೈಲ ಉತ್ಪಾದಕ ದೇಶಗಳಿಗೂ ಹೊಂದಾಣಿಕೆಯಾಗದೆ, 2024ರ ಕೊನೆಯಲ್ಲಿ ಬುಸಾನ್‌ನಲ್ಲಿಯೂ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿಯೂ ನಡೆದ ಅಧಿವೇಶನಗಳು ಒಮ್ಮತದ ಕರಡಿಲ್ಲದೆ ಮುಗಿದವು.