ಮರುತ್ ವಿಮಾನದ ಮೈಮೇಲಿನ ಗುರುತುಗಳು

ಬೆಂಗಳೂರಿನಲ್ಲಿ ಜರ್ಮನ್ ತಂತ್ರಜ್ಞ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. 1:72 ಪ್ರಮಾಣದ ಮಾದರಿಯಲ್ಲಿ ಅದರ 9 ಮೀಟರ್ ರೆಕ್ಕೆಹರವು 125 ಮಿಲಿಮೀಟರ್ ಆಗುತ್ತದೆ. ಗುರುತುಗಳ ವಿಷಯ ಇಷ್ಟು ಸುಲಭವಲ್ಲ. ಪ್ರದರ್ಶನಕ್ಕಿಟ್ಟ ವಿಮಾನಕ್ಕೆ ಮರುಬಣ್ಣ ಬಳಿದಿರಬಹುದು. ಆದ್ದರಿಂದ ಸೇವೆಯಲ್ಲಿದ್ದಾಗಿನ ಛಾಯಾಚಿತ್ರವೇ ಹೆಚ್ಚು ನಂಬಲರ್ಹ.

ಆದರೆ ಕಪ್ಪು-ಬಿಳುಪು ಚಿತ್ರದಲ್ಲಿ ಉಳಿಯುವುದು ಬೆಳಕಿನ ತೀವ್ರತೆ ಮಾತ್ರ, ತರಂಗದೂರವಲ್ಲ. ಕೇಸರಿ, ಹಸಿರು ಎರಡೂ ಒಂದೇ ಬೂದುಬಣ್ಣವಾಗಿ ಕಾಣಬಹುದು. ಅಳತೆಯನ್ನಾದರೂ ಪಡೆಯಬಹುದು: ನೇರ ಪಕ್ಕದಿಂದ ತೆಗೆದ ಚಿತ್ರದಲ್ಲಿ ದುಂಡು ಲಾಂಛನದ ವ್ಯಾಸವನ್ನು ವಿಮಾನದ 15.87 ಮೀಟರ್ ಉದ್ದದೊಂದಿಗೆ ಹೋಲಿಸಿದರಾಯಿತು.

1971ರ ಯುದ್ಧದಲ್ಲಿ ಹೋರಾಡಿದ ಮರುತ್ ಈಗ ಸೇವೆಯಲ್ಲಿಲ್ಲ. ದಿನಾಂಕ, ಸ್ಥಳ ನಮೂದಿಸಿದ ಹಳೆಯ ಚಿತ್ರ ನಿಮ್ಮಲ್ಲಿದ್ದರೆ ಜೋಪಾನವಾಗಿಡಿ. ಅದೂ ಇತಿಹಾಸದ ಆಧಾರವೇ.